ಗೂನು

ಪಾವಗಡ ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು. ಅಲ್ಲಿನ ಜಗಲಿಕಟ್ಟೆಗಳಲ್ಲಿ ಕನ್ನಡದ ‘ಗೂನು’, ತೆಲುಗಿನ ‘ಗೂನಿ’ ಎರಡೂ ಕಿವಿಗೆ ಬೀಳುತ್ತವೆ. ಒಂದು ಇನ್ನೊಂದರಿಂದ ಕಡ ತಂದದ್ದಲ್ಲ. ತಮಿಳು, ಮಲಯಾಳಗಳಲ್ಲಿ ಇದೇ ಪದ ‘ಕೂನ್’. ಬರೋ ಮತ್ತು ಎಮೆನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ಇವನ್ನೆಲ್ಲ ಒಂದೇ ಬೇರಿಗೆ ಸೇರಿಸುತ್ತದೆ. ಬೇರಿನ ಅರ್ಥ ಬಾಗುವುದು. ಬಾಗು ಬೆನ್ನಿನ ಉಬ್ಬಾಯಿತು, ಉಬ್ಬು ಮನುಷ್ಯನ ಹೆಸರೇ ಆಯಿತು: ಗೂನ, ಗೂನಿ. ತಮಿಳರ ರಾಮಕಥೆಯಲ್ಲಿ ಮಂಥರೆಯನ್ನು ‘ಕೂನಿ’ ಎಂದೇ ಕರೆಯುತ್ತಾರೆ. ಬೆನ್ನಿನ ಡೊಂಕನ್ನು ಬುದ್ಧಿಗೂ ಅಂಟಿಸುವ ಈ ಕ್ರೌರ್ಯ ಬಹಳ ಹಳೆಯದು.

ಸಂಸ್ಕೃತದ ‘ಕುಬ್ಜ’ನ ಕಥೆ ಬೇರೆ. ಮೂಲದಲ್ಲಿ ಅವನು ಗೂನುಬೆನ್ನಿನವನು. ಇವತ್ತಿನ ಕನ್ನಡದಲ್ಲಿ ಬರೀ ಕುಳ್ಳ. ಇಮ್ಮಡಿ ಪುಲಕೇಶಿಯ ತಮ್ಮ, ವೆಂಗಿಯ ಚಾಲುಕ್ಯ ಶಾಖೆಯನ್ನು ಕಟ್ಟಿದ ಕುಬ್ಜ ವಿಷ್ಣುವರ್ಧನನ ಹೆಸರನ್ನು ಓದುವ ನಮ್ಮ ಮಕ್ಕಳು ಗಿಡ್ಡ ದೊರೆಯೊಬ್ಬನನ್ನು ಕಲ್ಪಿಸಿಕೊಳ್ಳುತ್ತಾರೆ. ಕುಬ್ಜ ಹೀಗೆ ಅರ್ಥ ಬದಲಿಸಿಕೊಂಡರೂ ಗೂನು ಬೆನ್ನು ಬಿಟ್ಟು ಕದಲಲಿಲ್ಲ.

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಈ ಪದಕ್ಕೆ ಇನ್ನೊಂದು ಭಾರ ಸೇರಿದೆ. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ಸರ್ಕಾರಿ ಮಾನದಂಡ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲು ಕಂದುಗಟ್ಟುತ್ತದೆ. ಮುಂದೆ ಮೂಳೆಗಳ ನಡುವಿನ ಕಟ್ಟುಗಳೇ ಗಟ್ಟಿಯಾಗಿ ಬೆನ್ನು ಮರಗಟ್ಟುತ್ತದೆ, ಮುಂದಕ್ಕೆ ಬಾಗುತ್ತದೆ. ಭಾರತದಲ್ಲಿ ಈ ರೋಗವನ್ನು ಮೊದಲು ವೈದ್ಯಲೋಕದ ಮುಂದಿಟ್ಟದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಹಾಗಾಗಿ ಈ ಕಡೆಯ ಹಳ್ಳಿಗಳಲ್ಲಿ ಬಾಗಿದ ಬೆನ್ನು ಕಂಡರೆ ‘ನೀರಿನ ದೋಷ’ ಎನ್ನುವುದು ಸಹಜ, ಬಹಳ ಸಲ ಸರಿಯೂ ಹೌದು.

ತೊಂದರೆ ಶುರುವಾಗುವುದು ಅದೇ ಪದ ಹನ್ನೆರಡರ ಹುಡುಗಿಯ ಮೇಲೆ ಬಿದ್ದಾಗ. ಅವಳ ಬೆನ್ನು ಮುಂದಕ್ಕೆ ಬಾಗಿರುವುದಿಲ್ಲ, ಪಕ್ಕಕ್ಕೆ ಓಲಿರುತ್ತದೆ. ಓಲುವುದರ ಜೊತೆಗೆ ತಿರುಚಿಕೊಂಡೂ ಇರುತ್ತದೆ. ಗ್ರೀಕರು ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟರು: ಮುಂದಕ್ಕೆ ಬಾಗಿದ್ದು ಕೈಫೋಸಿಸ್, ಪಕ್ಕಕ್ಕೆ ಡೊಂಕಾದದ್ದು ಸ್ಕೋಲಿಯೋಸಿಸ್. ನಮ್ಮ ಆಡುಮಾತು ಎರಡನ್ನೂ ಗೂನಿನಲ್ಲೇ ಮುಗಿಸಿತು. ಕ್ಷಯ ತಗುಲಿ ಬೆನ್ನುಮೂಳೆ ಕುಸಿದು ಮೊನಚಾಗಿ ಉಬ್ಬುವುದೂ ಗೂನೇ. ಅದಕ್ಕೆ ಕ್ಷಯದ ಮಾತ್ರೆಯ ಚಿಕಿತ್ಸೆಯಿದೆ. ಹೆಸರು ಒಂದಾದರೂ ಮದ್ದು ಒಂದಲ್ಲ.

ಹರೆಯದ ಸ್ಕೋಲಿಯೋಸಿಸ್‌ನಲ್ಲಿ ಬಹುಪಾಲು ‘ಇಡಿಯೋಪಥಿಕ್’, ಅಂದರೆ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದ್ದು. ನೀರು ಕಾರಣವಲ್ಲ, ಪುಸ್ತಕದ ಚೀಲ ಕಾರಣವಲ್ಲ, ಕೂರುವ ಭಂಗಿಯೂ ಅಲ್ಲ. ತಾಯಿಯ ತಪ್ಪಂತೂ ಖಂಡಿತ ಅಲ್ಲ. ಹತ್ತರಿಂದ ಹದಿನಾರರ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದು ಇರುತ್ತದೆ. ದೊಡ್ಡ ಡೊಂಕು ಹುಡುಗಿಯರಲ್ಲೇ ಹೆಚ್ಚು. ಸಾಮಾನ್ಯವಾಗಿ ಹೆಚ್ಚು ನೋವಿಲ್ಲದ ಕಾರಣ ಮನೆಯವರಿಗೆ ಗೊತ್ತಾಗುವುದು ತಡ. ಎಷ್ಟೋ ಸಲ ಸಮವಸ್ತ್ರ ಹೊಲಿಯುವ ಟೈಲರಿಗೇ ಮೊದಲು ಕಾಣುತ್ತದೆ: ಒಂದು ಭುಜ ಮೇಲೆ, ಒಂದು ಕೆಳಗೆ, ಲಂಗದ ಅಂಚು ಒಂದು ಕಡೆ ಎತ್ತರ.

ಪರೀಕ್ಷೆಗೆ ಯಂತ್ರ ಬೇಡ. ಮಗುವನ್ನು ಕಾಲು ಜೋಡಿಸಿ ನಿಲ್ಲಿಸಿ, ಅಂಗೈ ಸೇರಿಸಿ, ಸೊಂಟದಿಂದ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಬೇಕು. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಎದ್ದು ಕಂಡರೆ ವೈದ್ಯರ ಬಳಿ ಹೋಗಬೇಕು. ಲಂಡನ್ನಿನ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ಕ್ರಮ ಇಂದಿಗೂ ನಡೆಯುತ್ತಿದೆ. ಆಮೇಲೆ ಎಕ್ಸ್‌ರೇಯಲ್ಲಿ ಡೊಂಕಿನ ಕೋನ ಅಳೆಯುತ್ತಾರೆ. 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್. 25ರ ಒಳಗಿದ್ದರೆ ಆಗಾಗ ನೋಡುತ್ತಿರಬೇಕು, ಅಷ್ಟೇ. ಇನ್ನೂ ಬೆಳೆಯುತ್ತಿರುವ ಮಗುವಿಗೆ 25ರಿಂದ 40 ಇದ್ದರೆ ಬ್ರೇಸ್ ಎಂಬ ಗಟ್ಟಿ ಕವಚ. 50ರ ಹತ್ತಿರ ಬಂದರೆ ಶಸ್ತ್ರಚಿಕಿತ್ಸೆಯ ಮಾತು. ಬ್ರೇಸ್ ಬರೀ ಹಿಂಸೆ ಎನ್ನುವವರಿಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿದೆ: ಬ್ರೇಸ್ ಹಾಕಿದ ನೂರರಲ್ಲಿ 72 ಮಕ್ಕಳ ಡೊಂಕು ಬೆಳವಣಿಗೆ ಮುಗಿಯುವವರೆಗೆ 50 ಡಿಗ್ರಿ ಮುಟ್ಟಲಿಲ್ಲ, ಹಾಕದವರಲ್ಲಿ ಹೀಗೆ ಉಳಿದದ್ದು 48. ದಿನಕ್ಕೆ ಹೆಚ್ಚು ಗಂಟೆ ಹಾಕಿದಷ್ಟೂ ಫಲ ಹೆಚ್ಚು. ಆದರೆ ಬೆಳವಣಿಗೆ ನಿಂತ ಮೇಲೆ ಬ್ರೇಸಿಗೆ ಕೆಲಸವಿಲ್ಲ. ಎಣ್ಣೆ ತಿಕ್ಕಿ, ನಾಟಿ ಕಟ್ಟು ಕಟ್ಟಿಸಿ ಕಳೆಯುವ ಒಂದೆರಡು ವರ್ಷ ಇಲ್ಲಿ ಬಹಳ ದುಬಾರಿ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಿಸುತ್ತಾರೆ. ಈ ನಾಲ್ಕು ತಾಲ್ಲೂಕುಗಳ ಮೇಷ್ಟ್ರುಗಳೇ, ಮೇಡಮ್ಮುಗಳೇ, ಅವರು ಬಂದ ದಿನ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳನ್ನು ಒಮ್ಮೆ ಮುಂದಕ್ಕೆ ಬಗ್ಗಿಸಿ ನೋಡಲು ಕೇಳಿ. ಹುಡುಗಿಯರನ್ನು ಮರೆಯಲ್ಲಿ, ಶಿಕ್ಷಕಿಯ ಎದುರು ನೋಡಲಿ. ಡೊಂಕು ಕಂಡ ಮಗುವನ್ನು ತುಮಕೂರಿನ ಜಿಲ್ಲಾಸ್ಪತ್ರೆಯ ಮೂಳೆ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಆ ಮಗುವನ್ನು ಯಾರೂ ಗೂನಿ ಎಂದು ಕರೆಯದಂತೆ ನೋಡಿಕೊಳ್ಳಿ.