ಸಾವಿನ ಲೆಕ್ಕದಲ್ಲಿ ಬಣ್ಣದ ಪಾಲೆಷ್ಟು?

ಅಂಕಿಅಂಶಗಳು ಸುಳ್ಳು ಹೇಳುವುದಿಲ್ಲ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಆದರೆ ಅಂಕಿಗಳಿಗೆ ಅರ್ಥ ಹಚ್ಚುವವರು ಮನುಷ್ಯರೇ ಅಲ್ಲವೇ? ಒಂದು ಜನಾಂಗದ ಸಾವಿನ ಲೆಕ್ಕವನ್ನು ಹಿಡಿದು ಆ ಜನಾಂಗವನ್ನೇ ಕೀಳೆಂದು ಸಾರಿದ ಕಾಲವೊಂದಿತ್ತು. ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಟ್ಟ ವಿದ್ಯಾಕೇಂದ್ರವೊಂದೂ ಇತ್ತು.

ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ 1865ರಲ್ಲೇ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯ ಹುಟ್ಟಿತು. ಬಿಡುಗಡೆ ಹೊಂದಿದ ಕರಿಯರ ಶಿಕ್ಷಣ ಅದರ ಗುರಿ. 1896ರಲ್ಲಿ ಅದು ನಗರಗಳ ಕರಿಯರ ಮರಣ ಪ್ರಮಾಣದ ಬಗ್ಗೆ ಅಧ್ಯಯನ ಸಮ್ಮೇಳನವನ್ನು ನಡೆಸಿ, ಮುಂದೆ ಪ್ರತಿ ವರ್ಷ ಒಂದೊಂದು ವಿಷಯವನ್ನು ಕೈಗೆತ್ತಿಕೊಂಡಿತು.

ಅದೇ ವರ್ಷ ಫ್ರೆಡರಿಕ್ ಹಾಫ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞನ ಪುಸ್ತಕ ಹೊರಬಂತು. ಕರಿಯರು ಹೆಚ್ಚು ಸಾಯುವುದಕ್ಕೆ ಅವರ ಹುಟ್ಟುಗುಣವೇ ಕಾರಣ, ಈ ಜನಾಂಗ ಅಳಿವಿನ ದಾರಿಯಲ್ಲಿದೆ ಎಂಬುದು ಅವನ ವಾದ. ಅವನು ಪ್ರುಡೆನ್ಷಿಯಲ್ ವಿಮಾ ಕಂಪೆನಿಯ ನೌಕರ. ಆ ಕಂಪೆನಿ 1881ರಲ್ಲೇ, ಬಿಳಿಯರಷ್ಟೇ ಕಂತು ಕಟ್ಟಿದ ಕರಿಯರಿಗೆ ವಿಮೆಯ ಮೊತ್ತದಲ್ಲಿ ಮೂರನೇ ಒಂದು ಭಾಗ ಕಡಿತ ಮಾಡಿತ್ತು. ವ್ಯಾಪಾರ ಮೊದಲೇ ಮಾಡಿದ್ದ ಅನ್ಯಾಯಕ್ಕೆ ಈಗ ವಿಜ್ಞಾನದ ಮುದ್ರೆ ಸಿಕ್ಕಂತಾಯಿತು.

1897ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಅಟ್ಲಾಂಟಾಕ್ಕೆ ಪ್ರಾಧ್ಯಾಪಕರಾಗಿ ಬಂದರು. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಮೊದಲ ಕರಿಯ ಅವರು. ಅದಕ್ಕೆ ಮುಂಚೆ ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಮನೆಮನೆಯ ಬಾಗಿಲು ತಟ್ಟಿ ಅವರು ಮಾಹಿತಿ ಕಲೆಹಾಕಿದ್ದರು. ಅಲ್ಲಿನ 2,441 ಕುಟುಂಬಗಳಲ್ಲಿ ಸ್ನಾನಗೃಹ ಮತ್ತು ಶೌಚಾಲಯದ ಅನುಕೂಲವಿದ್ದುದು ಕೇವಲ 334 ಕುಟುಂಬಗಳಿಗೆ! ರೋಗ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

1906ರಲ್ಲಿ ಡುಬಾಯ್ಸ್ ಸಂಪಾದಿಸಿದ ಆರೋಗ್ಯ ವರದಿ ಹಾಫ್‌ಮನ್‌ನ ವಾದಕ್ಕೆ ಎದುರಾಯಿತು. ಕರಿಯರಲ್ಲಿ ಸಾವು ಹೆಚ್ಚೆಂಬುದನ್ನು ಅದು ಅಲ್ಲಗಳೆಯಲಿಲ್ಲ. ಅದು ಕೇಳಿದ ಪ್ರಶ್ನೆ ಒಂದೇ: ಯಾರನ್ನು ಯಾರ ಜೊತೆ ಹೋಲಿಸುತ್ತಿದ್ದೀರಿ? ರಷ್ಯಾದಲ್ಲಿ ಬಡವರಿಗೂ ಸ್ಥಿತಿವಂತರಿಗೂ ಇರುವ ಮರಣ ಪ್ರಮಾಣದ ಅಂತರ, ಅಮೆರಿಕದ ಕರಿಯರಿಗೂ ಬಿಳಿಯರಿಗೂ ಇರುವ ಅಂತರಕ್ಕಿಂತ ದೊಡ್ಡದು ಎಂದು ಅದು ತೋರಿಸಿತು. ನ್ಯೂಯಾರ್ಕ್, ಷಿಕಾಗೋಗಳ ಕೆಲವು ಬಿಳಿಯರ ಕೇರಿಗಳಲ್ಲಿ ಕ್ಷಯರೋಗ, ಬೇರೆ ಕೆಲವು ನಗರಗಳ ಕರಿಯರಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. ಹಾಗಾದರೆ ಕ್ಷಯ ಜನಾಂಗದ ರೋಗವಲ್ಲ, ಸಮಾಜದ ರೋಗ.

ಇದು ಸುಖದಲ್ಲಿ ಕುಳಿತು ಬರೆದ ವಿದ್ವತ್ತಲ್ಲ. 1899ರಲ್ಲಿ ಡುಬಾಯ್ಸ್ ದಂಪತಿಯ ಎರಡು ವರ್ಷವೂ ತುಂಬದ ಮಗ ಅಟ್ಲಾಂಟಾದಲ್ಲಿ ಗಂಟಲಮಾರಿಗೆ ಬಲಿಯಾದ. ಆ ವರದಿಯ ವರ್ಷವೇ, ಸೆಪ್ಟೆಂಬರ್‌ನಲ್ಲಿ, ಅದೇ ನಗರದಲ್ಲಿ ಬಿಳಿಯರ ಗುಂಪುಗಳು ಕರಿಯರನ್ನು ಬೀದಿಯಲ್ಲಿ ಕೊಂದವು. ಹತ್ತು ವಿಷಯಗಳನ್ನು ಹತ್ತು ವರ್ಷಕ್ಕೊಮ್ಮೆ ಮರಳಿ ಮರಳಿ, ನೂರು ವರ್ಷ ಅಧ್ಯಯನ ಮಾಡಬೇಕೆಂಬುದು ಡುಬಾಯ್ಸ್ ಕನಸಾಗಿತ್ತು. ಹಣವಿಲ್ಲದೆ ಅದು ಕೈಗೂಡಲಿಲ್ಲ. 1910ರಲ್ಲಿ ಅವರು ಹಕ್ಕುಗಳ ಹೋರಾಟಕ್ಕೂ ಪತ್ರಿಕಾ ಸಂಪಾದನೆಗೂ ಹೊರಟರು. ಸತ್ಯವನ್ನು ಕಂಡುಹಿಡಿದರೆ ಸಾಲದು, ಅದಕ್ಕಾಗಿ ಬೀದಿಗಿಳಿಯಬೇಕು ಎಂಬುದು ಅವರಿಗೆ ಮನವರಿಕೆಯಾಗಿತ್ತು.

1946ರಲ್ಲಿ ಭಾರತದಿಂದ ಡಾ. ಅಂಬೇಡ್ಕರ್ ಅವರಿಗೆ ಪತ್ರ ಬರೆದು, ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಎರಡು ದೇಶಗಳ ನೋವು ಪರಸ್ಪರ ಗುರುತಿಸಿಕೊಂಡ ಗಳಿಗೆಯದು.

ಜನಸಂಖ್ಯೆ, ರೋಗ, ಸಾವು ಇವುಗಳ ಲೆಕ್ಕ ತೋರಿಸಿ ಯಾವುದೇ ಸಮುದಾಯದತ್ತ ಬೆರಳು ಮಾಡುವವರು ಇಂದಿಗೂ ಇದ್ದಾರೆ. ಅವರಿಗೆ ನಾವು ಕೇಳಬೇಕಾದ ಪ್ರಶ್ನೆಯನ್ನು ಅಟ್ಲಾಂಟಾ ಅಂದೇ ಕಲಿಸಿಕೊಟ್ಟಿದೆ. ಆ ಜನರ ಮನೆ ಎಂಥದ್ದು? ನೀರು ಎಲ್ಲಿಂದ? ಕೂಲಿ ಎಷ್ಟು? ಇದಕ್ಕೆ ಉತ್ತರ ಸಿಗುವವರೆಗೆ ಬರಿಯ ಅಂಕಿಯನ್ನು ನಂಬುವುದು ಬೇಡ.