ಬಳ್ಳಾರಿ ಮೊದಲೋ, ಬಸವಕಲ್ಯಾಣ ಮೊದಲೋ?

ಅಕ್ಷರಾನುಕ್ರಮದಲ್ಲಿ ಬರೆದ ಊರುಗಳ ಪಟ್ಟಿಯಲ್ಲಿ ಬಳ್ಳಾರಿ ಮೊದಲು ಬರಬೇಕೋ, ಬಸವಕಲ್ಯಾಣವೋ? ಒಂದನೇ ಕ್ಲಾಸಿನಲ್ಲಿ 'ಯ ರ ಲ ವ ಶ ಷ ಸ ಹ ಳ' ಎಂದು ರಾಗವಾಗಿ ಹೇಳಿ ಕಲಿತವರಿಗೆ ಉತ್ತರ ಗೊತ್ತು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ. ಹಾಗಾಗಿ ಬಸವಕಲ್ಯಾಣ ಮೊದಲು, ಬಳ್ಳಾರಿ ಆಮೇಲೆ. ಆದರೆ ನಿಮ್ಮ ಕಿಸೆಯ ಮೊಬೈಲಿನಲ್ಲಿರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿಗೆ, ಬೇರೇನೂ ಹೇಳದೆ, ಇದೇ ಪಟ್ಟಿ ಕೊಟ್ಟು ನೋಡಿ. ಬಳ್ಳಾರಿಯನ್ನೇ ಮೇಲೆ ಕೂರಿಸುತ್ತದೆ.

ಸಣ್ಣ ವಿಷಯ ಅನಿಸಬಹುದು. ಆದರೆ ಶಾಲೆಯ ಹಾಜರಿ, ನಿಘಂಟು, ಲೈಬ್ರರಿಯ ಕ್ಯಾಟಲಾಗ್ ಎಲ್ಲವೂ ಈ ಕ್ರಮದ ಮೇಲೆ ನಿಂತಿವೆ. ಕ್ರಮ ತಪ್ಪಿದರೆ ಯಾರು ತಿದ್ದಬೇಕು, ತಿದ್ದಲು ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಓಪನ್ ಸೋರ್ಸ್ ಡೇಟಾಬೇಸುಗಳ ಐವತ್ತು ವರ್ಷದ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಬೇಕು. ಪುಣೆಯ ಧನಕವಡಿಯಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಆ ಚರಿತ್ರೆ ಪರದೇಶದ್ದು ಮಾತ್ರ ಅನಿಸುವುದಿಲ್ಲ. ಅದರ ಎರಡು ಎಳೆಗಳು ಈ ಊರಿಗೂ ತಾಗಿವೆ.

ಒಡೆಯನಿಲ್ಲದ ಮನೆ

1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ಬಗ್ಗೆ ಒಂದು ಪ್ರಬಂಧ ಬರೆದರು. ಅದನ್ನು ಓದಿದ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಎಂಬ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1973ರ ಸುಮಾರಿಗೆ ಇಂಗ್ರೆಸ್ ಕಟ್ಟಲು ಹೊರಟರು. 1986ರಲ್ಲಿ ಅದರ ಮುಂದಿನ ಹೆಜ್ಜೆಯಾಗಿ ಪೋಸ್ಟ್‌ಗ್ರೆಸ್ ಬಂತು. ಇಂಗ್ರೆಸ್ ಆದ ಮೇಲಿನದು ಎಂದೇ ಆ ಹೆಸರು. 1994ರಲ್ಲಿ ಆಂಡ್ರ್ಯೂ ಯು, ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯೂಎಲ್ ಭಾಷೆ ಕಲಿಸಿದರು.

ವಿಶ್ವವಿದ್ಯಾಲಯದ ಪ್ರಾಜೆಕ್ಟುಗಳ ಹಣೆಬರಹ ನಮಗೆ ಗೊತ್ತು. ಹುಡುಗರು ಡಿಗ್ರಿ ಪಡೆದು ಹೋದ ಮೇಲೆ ಕೋಡ್ ಧೂಳು ಹಿಡಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 1996ರಲ್ಲಿ ಕೆನಡಾದ ಮಾರ್ಕ್ ಫೂರ್ನಿಯೆ ತಮ್ಮ ಸರ್ವರಿನಲ್ಲಿ ಅದಕ್ಕೆ ಜಾಗ ಕೊಟ್ಟರು. ಅಮೆರಿಕದ ಬ್ರೂಸ್ ಮಾಮ್ಜಿಯನ್, ರಷ್ಯಾದ ವದೀಮ್ ಮಿಖೇವ್ ಮುಂತಾದವರು ಮನೆಯಿಂದಲೇ ಕೈಜೋಡಿಸಿದರು. ಅದೇ ವರ್ಷ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ಬಂತು. ಅಂದಿನಿಂದ ಇಂದಿನವರೆಗೆ ಆ ಮನೆಗೆ ಒಡೆಯನಿಲ್ಲ. ಕಂಪನಿಗಳು ಅದರ ಸುತ್ತ ಹುಟ್ಟಿವೆ, ಮುಚ್ಚಿವೆ, ಕೊಳ್ಳಲ್ಪಟ್ಟಿವೆ. ಪೋಸ್ಟ್‌ಗ್ರೆಸ್ ಮಾತ್ರ ಮಾರಾಟಕ್ಕಿಲ್ಲ, ಏಕೆಂದರೆ ಮಾರುವವರೇ ಇಲ್ಲ.

ಒಡೆಯನಿದ್ದ ಮನೆ

1995ರಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್ ಕತೆ ಬೇರೆ. ಡೇವಿಡ್ ಆಕ್ಸ್‌ಮಾರ್ಕ್, ಅಲನ್ ಲಾರ್ಸನ್ ಎಂಬ ಸ್ವೀಡನ್ನಿನವರು ಮತ್ತು ಫಿನ್ಲೆಂಡಿನ ಮೈಕೆಲ್ 'ಮಾಂಟಿ' ವಿಡೇನಿಯಸ್ ಸೇರಿ ಅದನ್ನು ಬೆಳೆಸಿದರು. ಕೋಡ್ ಎಲ್ಲರಿಗೂ ತೆರೆದಿತ್ತು, ಆದರೆ ಅದರ ಕಾಪಿರೈಟ್ ಒಂದು ಕಂಪನಿಯ ಕೈಯಲ್ಲಿತ್ತು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸುಮಾರು 100 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನೇ ಆರಕಲ್ ಕೊಂಡಿತು. ಬಿಟ್ಟಿಯಾಗಿ ಸಿಗುವ ಡೇಟಾಬೇಸು, ಅತಿ ದುಬಾರಿ ಡೇಟಾಬೇಸು ಮಾರುವವರ ಮನೆ ಸೇರಿತು.

ಮಾಂಟಿ ಅದಕ್ಕೆ ಮೊದಲೇ ಹೊರಬಂದು, ಅದೇ ಕೋಡಿನಿಂದ ಕವಲೊಡೆದು 2009ರಲ್ಲಿ ಮರಿಯಾಡಿಬಿ ಶುರುಮಾಡಿದ್ದರು. ಮೈಎಸ್‌ಕ್ಯೂಎಲ್‌ನ 'ಮೈ' ಅವರ ದೊಡ್ಡ ಮಗಳ ಹೆಸರು, ಮರಿಯಾ ಚಿಕ್ಕ ಮಗಳು. 2013ರಲ್ಲಿ ವಿಕಿಪೀಡಿಯ ಮರಿಯಾಡಿಬಿಗೆ ಬದಲಾಯಿತು. ನೀವು ಕನ್ನಡ ವಿಕಿಪೀಡಿಯದಲ್ಲಿ ಓದುವ ಲೇಖನ ಬರುವುದೂ ಅಲ್ಲಿಂದಲೇ.

ಇದು ಹಳೇ ಕತೆಯಲ್ಲ. 2018ರಲ್ಲಿ ಮೊಂಗೋಡಿಬಿ, 2024ರ ಮಾರ್ಚ್‌ನಲ್ಲಿ ರೆಡಿಸ್ ತಮ್ಮ ಲೈಸೆನ್ಸ್ ಬಿಗಿಮಾಡಿದವು. ರೆಡಿಸ್ ಬಿಗಿಯಾದ ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕೀ ಎಂಬ ಕವಲು ಹುಟ್ಟಿತು. ಮರುವರ್ಷ ರೆಡಿಸ್ ಮತ್ತೆ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆ ಕೊಟ್ಟಿತು. ಬಾಗಿಲು ತೆರೆದಿದೆಯೇ ಎಂದು ನೋಡಿದರೆ ಸಾಲದು, ಬೀಗದ ಕೈ ಯಾರ ಸೊಂಟದಲ್ಲಿದೆ ಎಂದೂ ನೋಡಬೇಕು.

ನಮ್ಮ ಕಡೆಯವರ ಕೈ

ಪುಣೆಯ ಒಂದು ಎಳೆ ಇಲ್ಲಿ ಬರುತ್ತದೆ. ಪೋಸ್ಟ್‌ಗ್ರೆಸ್ ಹಳೇ ಅಂಗಡಿಯ ಕಿರ್ದಿ ಪುಸ್ತಕದ ಹಾಗೆ. ಒಂದು ಸಾಲು ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ, ಕೆಳಗೆ ಹೊಸ ಸಾಲು ಬರೆಯುತ್ತದೆ. ತೊಂದರೆ ಏನೆಂದರೆ, ಪ್ರತಿ ಹೊಸ ಸಾಲಿಗೂ ಎಲ್ಲ ಇಂಡೆಕ್ಸುಗಳಲ್ಲಿ ಹೊಸ ನಮೂದು ಬೇಕಾಗುತ್ತಿತ್ತು. ಒಬ್ಬ ಗಿರಾಕಿಯ ಬಾಕಿ ಹತ್ತು ಸಲ ಬದಲಾದರೆ ಅವನ ಹೆಸರಿನ ಇಂಡೆಕ್ಸಿನಲ್ಲೂ ಹತ್ತು ನಮೂದು. ಪುಣೆಯಲ್ಲಿ ಕಚೇರಿ ಇರುವ ಎಂಟರ್‌ಪ್ರೈಸ್‌ಡಿಬಿ ಕಂಪನಿಯಲ್ಲಿ ಆಗ ಇದ್ದ ಪವನ್ ದೇವಲಸಿ ಇದಕ್ಕೆ 'ಹಾಟ್' ಎಂಬ ಪರಿಹಾರ ಬರೆದರು. ಇಂಡೆಕ್ಸಿಗೆ ಸಂಬಂಧಿಸಿದ ಕಾಲಂ ಬದಲಾಗದಿದ್ದರೆ, ಅದೇ ಪುಟದಲ್ಲಿ ಜಾಗವೂ ಇದ್ದರೆ, ಹಳೇ ಸಾಲಿನಿಂದ ಹೊಸ ಸಾಲಿಗೆ ಒಂದು ಕೊಂಡಿ ಸಾಕು; ಇಂಡೆಕ್ಸ್ ಮುಟ್ಟುವುದೇ ಬೇಡ. 2008ರ ಫೆಬ್ರವರಿಯಲ್ಲಿ ಬಂದ 8.3 ಆವೃತ್ತಿಯಲ್ಲಿ ಅದು ಸೇರಿತು. ಇವತ್ತು ಪೋಸ್ಟ್‌ಗ್ರೆಸ್ ಓಡುವ ಕಡೆಯಲ್ಲೆಲ್ಲ ಆ ಕೋಡ್ ಓಡುತ್ತಿದೆ. 2016ರ 9.6 ಆವೃತ್ತಿಯಲ್ಲಿ ಒಂದೇ ಪ್ರಶ್ನೆಗೆ ಹಲವು ಪ್ರೊಸೆಸರುಗಳು ಸೇರಿ ಉತ್ತರ ಹುಡುಕುವ ಸೌಲಭ್ಯ ಬಂದಾಗ, ಅದನ್ನು ಬರೆದವರಲ್ಲಿ ಬೆಂಗಳೂರಿನ ಅಮಿತ್ ಕಪಿಲ ಒಬ್ಬರು.

ಇದಕ್ಕೆ ನೆಲ ಹದಮಾಡಿದವರೂ ಇದ್ದಾರೆ. ಅತುಲ್ ಚಿಟ್ನೀಸ್ ಮುಂದಾಳತ್ವದಲ್ಲಿ 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ ಆಮೇಲೆ ಫಾಸ್.ಇನ್ ಆಗಿ 2012ರವರೆಗೆ ನಡೆಯಿತು. ಬಳಸಿದ್ದು ಸಾಕು, ಇನ್ನು ಕೊಡುವುದನ್ನೂ ಕಲಿಯಿರಿ ಎಂಬುದೇ ಅದರ ತಿರುಳಾಗಿತ್ತು. ಈಗ ಪೋಸ್ಟ್‌ಗ್ರೆಸ್ ಬಳಗ ಬೆಂಗಳೂರಿನಲ್ಲಿ ಪಿಜಿಕಾನ್ಫ್ ಇಂಡಿಯಾ ನಡೆಸುತ್ತದೆ.

ಮತ್ತೆ ಳಕಾರಕ್ಕೆ

ಬಳ್ಳಾರಿ ಏಕೆ ಮೇಲೆ ಬಂತು? ಎರಡನೆಯ ಪುಣೆಯ ಎಳೆ ಇದು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿಡ್ಯಾಕ್‌ನ ಜಿಸ್ಟ್ ತಂಡ, ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದವರಲ್ಲಿ ಮುಂಚೂಣಿಯಲ್ಲಿತ್ತು. ಆ ಕಾಲದ ಇಸ್ಕಿ ಸಂಕೇತ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಅಚ್ಚು ಮಾಡಿತ್ತು. ಅದರಲ್ಲಿ ಳ, ಲ ಪಕ್ಕದಲ್ಲಿ ಕೂತಿತು. 1991ರಲ್ಲಿ ಬಂದ ಯೂನಿಕೋಡ್ ಅದೇ ಅಚ್ಚನ್ನು ತೆಗೆದುಕೊಂಡಿತು. ಹಾಗಾಗಿ ಸಂಕೇತದ ಅಂಕಿ ನೋಡಿ ಜೋಡಿಸುವ ಡೇಟಾಬೇಸಿಗೆ ಳ ಎಂದರೆ ವ, ಶ, ಸ, ಹಗಳಿಗಿಂತ ಮೊದಲು. ನಮ್ಮ ನೆರೆಮನೆಯ ಮರಾಠಿಗರದ್ದೂ ಇದೇ ಪಾಡು. ಅವರ ವರ್ಣಮಾಲೆಯಲ್ಲೂ ಳ ಬರುವುದು ಹ ಆದ ಮೇಲೆಯೇ.

ಇನ್ನೊಂದು ಸ್ವಾರಸ್ಯ ಕೇಳಿ. 2018ರಲ್ಲಿ 8.0 ಬರುವವರೆಗೆ ಮೈಎಸ್‌ಕ್ಯೂಎಲ್, ಬೇರೇನೂ ಹೇಳದಿದ್ದರೆ, ಅಕ್ಷರ ಜೋಡಿಸುತ್ತಿದ್ದದ್ದು ಸ್ವೀಡಿಶ್ ಕ್ರಮದಲ್ಲಿ! ಕಟ್ಟಿದವರ ಊರಿನ ಕ್ರಮವೇ ಜಗತ್ತಿಗೆಲ್ಲ ಡಿಫಾಲ್ಟ್ ಆಗಿತ್ತು. ಸ್ವೀಡಿಶ್‌ನಲ್ಲೂ ಮೂರು ಅಕ್ಷರಗಳು ಝಡ್ ದಾಟಿ ಕೊನೆಗೆ ಬರುತ್ತವೆ. ಆ ಮೂರಕ್ಕೆ ಯಾರೂ ಅರ್ಜಿ ಹಾಕಬೇಕಾಗಲಿಲ್ಲ. ಕೂತು ಕೆಲಸ ಮಾಡಿದವರ ವರ್ಣಮಾಲೆ ಮೊದಲು ಸರಿಹೋಗುತ್ತದೆ.

ಕನ್ನಡಕ್ಕೆ ದಾರಿ ಇಲ್ಲದಿಲ್ಲ. ಐಸಿಯು ಎಂಬ ಓಪನ್ ಸೋರ್ಸ್ ಲೈಬ್ರರಿ ಭಾಷೆಭಾಷೆಯ ಕ್ರಮ ಬಲ್ಲದು. 2017ರ ಪೋಸ್ಟ್‌ಗ್ರೆಸ್ 10 ಅದನ್ನು ಒಳಗೆ ಬಿಟ್ಟುಕೊಂಡಿತು. 'ಕೆಎನ್-ಎಕ್ಸ್-ಐಸಿಯು' ಎಂಬ ಕೊಲೇಶನ್ ಕೇಳಿದರೆ ಬಸವಕಲ್ಯಾಣ ತನ್ನ ಜಾಗಕ್ಕೆ ಬರುತ್ತದೆ. ಆದರೆ ಇದೂ ಒಮ್ಮೆ ನೆಟ್ಟು ಮರೆಯುವ ಗಿಡವಲ್ಲ. 2018ರ ಆಗಸ್ಟ್‌ನಲ್ಲಿ ಲಿನಕ್ಸಿನ ಜಿಲಿಬ್‌ಸಿ 2.28 ಅಕ್ಷರಕ್ರಮದ ನಿಯಮಗಳನ್ನು ಬದಲಿಸಿತು. ಆಪರೇಟಿಂಗ್ ಸಿಸ್ಟಮ್ ಹೊಸದಾದರೂ ಇಂಡೆಕ್ಸುಗಳು ಹಳೇ ಕ್ರಮದಲ್ಲೇ ಉಳಿದು, ಇದ್ದ ಹೆಸರು ಹುಡುಕಿದರೂ ಸಿಗದಂಥ ಪರಿಸ್ಥಿತಿ ಹುಟ್ಟಿತು. ಪೋಸ್ಟ್‌ಗ್ರೆಸ್ ಬಳಗ ವರ್ಷಗಟ್ಟಲೆ ಅದಕ್ಕೆ ಮದ್ದು ಹುಡುಕಬೇಕಾಯಿತು.

2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಓಪನ್ ಸೋರ್ಸಿಗೆ ಆದ್ಯತೆ ಎಂಬ ನೀತಿ ಪ್ರಕಟಿಸಿತು. ಕನ್ನಡದ ಮಾಹಿತಿ ಇನ್ನಷ್ಟು ಈ ಕಡೆಗೇ ಬರಲಿದೆ. ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಈ ಡೇಟಾಬೇಸುಗಳಿಂದಲೇ ಅನ್ನ ತಿನ್ನುವ ಕನ್ನಡಿಗರು ಬಹಳ ಮಂದಿ ಇದ್ದೇವೆ. ವಾರದ ಕೊನೆಗೆ ಒಂದು ಗಂಟೆ ಸಾಕು: ನೀವು ಬಳಸುವ ಡೇಟಾಬೇಸಿಗೆ ನೂರು ಕನ್ನಡ ಹೆಸರು ಕೊಡಿ, ನಿಘಂಟಿನ ಜೊತೆ ತಾಳೆ ನೋಡಿ, ಅನುಸ್ವಾರ, ಒತ್ತಕ್ಷರ, ಳ ಎಲ್ಲಿ ಬಂದವು ಎಂದು ಬರೆದುಕೊಳ್ಳಿ. ತಪ್ಪು ಸಿಕ್ಕರೆ ಬಗ್ ವರದಿ ಹಾಕಿ. ಮಿಖೇವ್ ರಷ್ಯಾದಲ್ಲಿ ಕೂತು ಕೈಹಾಕಿದ್ದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಧನಕವಡಿಯಲ್ಲಿ ಕೂತ ನಮಗೂ ಬೇಕಿಲ್ಲ.