ಶೈಕ್ಷಣಿಕ ಪ್ರವಾಸ

ಶೈಕ್ಷಣಿಕ ಪ್ರವಾಸವು ಪಠ್ಯವಿಷಯಕ್ಕೆ ಸಂಬಂಧಿಸಿದ ಸ್ಥಳ, ವಸ್ತು ಅಥವಾ ಕಾರ್ಯವಿಧಾನವನ್ನು ವಿದ್ಯಾರ್ಥಿಗಳು ನೇರವಾಗಿ ಕಂಡು ಕಲಿಯಲೆಂದು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಶಾಲೆಯು ಏರ್ಪಡಿಸುವ ಪ್ರಯಾಣವಾಗಿದೆ. ಒಂದೇ ದಿನದಲ್ಲಿ ಮುಗಿಯುವ ಸಮೀಪದ ಭೇಟಿಯನ್ನು ಹೊರಸಂಚಾರ ಅಥವಾ ಕ್ಷೇತ್ರ ಭೇಟಿ ಎಂದೂ ಕರೆಯುತ್ತಾರೆ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂತಹ ಪ್ರವಾಸಗಳು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ, ವಾರ್ಷಿಕ ಪರೀಕ್ಷೆಯ ಸಿದ್ಧತೆ ಆರಂಭವಾಗುವ ಮೊದಲು ನಡೆಯುತ್ತವೆ.

ಹಿನ್ನೆಲೆ

ಅನುಭವದ ಮೂಲಕ ಕಲಿಕೆ ಎಂಬ ಚಿಂತನೆಯನ್ನು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ವಿಸ್ತಾರವಾಗಿ ಪ್ರತಿಪಾದಿಸಿದರು. ಭಾರತದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ಆರಂಭಿಸಿ ಮರಗಳ ನೆರಳಿನಲ್ಲಿ ಪಾಠ ನಡೆಸಿದರು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು. ಶಾಲೆಯ ಹೊರಗಿನ ಬದುಕಿನೊಂದಿಗೆ ಜ್ಞಾನವನ್ನು ಜೋಡಿಸುವುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರಿಗೆ 10 ದಿನಗಳ ಬ್ಯಾಗ್ ರಹಿತ ಅವಧಿಯನ್ನು ಸೂಚಿಸಿದೆ.

ಕಲಿಕೆಯ ಮೇಲಿನ ಪರಿಣಾಮ

ಇಸ್ರೇಲಿನ ಸಂಶೋಧಕರಾದ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೀನ್ 1994ರಲ್ಲಿ ಪ್ರಕಟಿಸಿದ ಅಧ್ಯಯನವು ಸ್ಥಳದ ಹೊಸತನವೇ ಕಲಿಕೆಗೆ ಅಡ್ಡಿಯಾಗಬಹುದೆಂಬುದನ್ನು ಚರ್ಚಿಸಿತು. ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿ ದಿನ ಹೇಗೆ ಸಾಗುತ್ತದೆ, ಯಾವ ವಿಷಯವನ್ನು ಗಮನಿಸಬೇಕು ಎಂಬುದು ಮೊದಲೇ ತಿಳಿದಿದ್ದರೆ ವಿದ್ಯಾರ್ಥಿಗಳ ಗಮನ ಪಾಠದ ಮೇಲೆ ನಿಲ್ಲುತ್ತದೆ. ಆದ್ದರಿಂದ ಪ್ರವಾಸಕ್ಕೆ ಮುಂಚಿನ ತರಗತಿಯೂ ಪ್ರವಾಸದ ಭಾಗವೇ ಆಗಿದೆ.

ಅಮೆರಿಕದ ಅರ್ಕಾನ್ಸಾ ರಾಜ್ಯದ ಕ್ರಿಸ್ಟಲ್ ಬ್ರಿಜಸ್ ಕಲಾ ವಸ್ತುಸಂಗ್ರಹಾಲಯದಲ್ಲಿ ಶಾಲೆಗಳನ್ನು ಚೀಟಿ ಎತ್ತುವ ಕ್ರಮದಿಂದ ಆಯ್ದು, ಸುಮಾರು 11 ಸಾವಿರ ವಿದ್ಯಾರ್ಥಿಗಳನ್ನು ಒಳಗೊಂಡ ಅಧ್ಯಯನವೊಂದು ನಡೆಯಿತು. ಸಂಗ್ರಹಾಲಯಕ್ಕೆ ಭೇಟಿ ನೀಡಿದವರಲ್ಲಿ ವಿಮರ್ಶಾತ್ಮಕ ಚಿಂತನೆ ಮತ್ತು ಇತಿಹಾಸದ ಜನರ ಬಗೆಗಿನ ಸಹಾನುಭೂತಿ ಹೆಚ್ಚಿದ್ದುದು ಕಂಡುಬಂತು. ಗ್ರಾಮೀಣ ಹಾಗೂ ಬಡ ಕುಟುಂಬಗಳ ಮಕ್ಕಳಲ್ಲಿ ಈ ಲಾಭ ಇನ್ನೂ ಹೆಚ್ಚಾಗಿತ್ತು.

ಸ್ಥಳಗಳ ಆಯ್ಕೆ

ಸ್ಥಳದ ಪ್ರಸಿದ್ಧಿಗಿಂತ ಪಠ್ಯದೊಂದಿಗಿನ ಸಂಬಂಧ ಆಯ್ಕೆಗೆ ಆಧಾರವಾಗಬೇಕು. ಕರ್ನಾಟಕದಲ್ಲಿ ವಿಷಯವಾರು ಕೆಲವು ಉದಾಹರಣೆಗಳು:

ಇತಿಹಾಸ: ವಿಶ್ವ ಪರಂಪರೆಯ ತಾಣಗಳಾದ ಹಂಪಿ (1986) ಮತ್ತು ಪಟ್ಟದಕಲ್ಲು (1987), 2023ರಲ್ಲಿ ಆ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು. ಪಟ್ಟದಕಲ್ಲಿನಲ್ಲಿ ದ್ರಾವಿಡ ಮತ್ತು ನಾಗರ ಶೈಲಿಯ ಶಿಖರಗಳನ್ನು ಒಂದೇ ಆವರಣದಲ್ಲಿ ಹೋಲಿಸಿ ನೋಡಬಹುದು.

ವಿಜ್ಞಾನ: ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಸಂಗತಿಯು ಭೌತಶಾಸ್ತ್ರ ಮತ್ತು ಇತಿಹಾಸ ಎರಡಕ್ಕೂ ಪಾಠವಾಗುತ್ತದೆ.

ಭೂವಿಜ್ಞಾನ ಮತ್ತು ಜೀವಶಾಸ್ತ್ರ: ಲಾಲ್‌ಬಾಗಿನ ಬಂಡೆ, ಮಲ್ಪೆಯ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಂಬಾಕಾರದ ಶಿಲೆಗಳು, ಮೈಸೂರಿನ ಮೃಗಾಲಯ, ರಂಗನತಿಟ್ಟು ಪಕ್ಷಿಧಾಮ.

ಹತ್ತಿರದ ಗ್ರಾಮ ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಅಂಚೆ ಕಚೇರಿ, ಕೆರೆ ಅಥವಾ ಕುಂಬಾರರ ಮನೆಗೆ ನಡೆದು ಹೋಗಿ ಬರುವ ಭೇಟಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಯೋಜನೆಯ ಹಂತಗಳು

1. ಉದ್ದೇಶವನ್ನು ಬರೆದು ನಿಗದಿಪಡಿಸುವುದು; ಸಂಬಂಧಿಸಿದ ಅಧ್ಯಾಯವನ್ನು ಗುರುತಿಸುವುದು.
2. ಶಿಕ್ಷಕರು ಸ್ಥಳಕ್ಕೆ ಮುಂಚಿತವಾಗಿ ಹೋಗಿ ಬರುವುದು. ರಜೆಯ ದಿನ, ಶೌಚಾಲಯ, ಕುಡಿಯುವ ನೀರು, ನೆರಳು, ಅಪಾಯದ ಜಾಗಗಳು ಮತ್ತು ಸಮೀಪದ ಆಸ್ಪತ್ರೆಯನ್ನು ತಿಳಿದುಕೊಳ್ಳುವುದು.
3. ಶಿಕ್ಷಣ ಇಲಾಖೆಯ ಅನುಮತಿ ಮತ್ತು ಪ್ರತಿಯೊಬ್ಬ ಪೋಷಕರ ಲಿಖಿತ ಒಪ್ಪಿಗೆ ಪಡೆಯುವುದು.
4. ಪರವಾನಗಿ ಮತ್ತು ವಿಮೆ ಇರುವ ವಾಹನವನ್ನು ಗೊತ್ತುಪಡಿಸುವುದು. ರಸ್ತೆ ಸಾರಿಗೆ ನಿಗಮಗಳ ಬಸ್ಸುಗಳೂ ಒಪ್ಪಂದದ ಮೇರೆಗೆ ದೊರೆಯುತ್ತವೆ.
5. ವಿದ್ಯಾರ್ಥಿಗಳನ್ನು ಸಣ್ಣ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೆ ಒಬ್ಬ ಶಿಕ್ಷಕರನ್ನು ಹೊಣೆಗಾರರನ್ನಾಗಿಸುವುದು. ವಿದ್ಯಾರ್ಥಿನಿಯರಿರುವ ತಂಡದೊಂದಿಗೆ ಶಿಕ್ಷಕಿಯರು ಇರುವುದು.
6. ಅಲ್ಲಿ ಏನನ್ನು ಗಮನಿಸಬೇಕು, ಅಳೆಯಬೇಕು, ಚಿತ್ರಿಸಬೇಕು ಎಂಬ ಪ್ರಶ್ನಾವಳಿ ನೀಡುವುದು.
7. ಮರಳಿದ ಮೇಲೆ ಚರ್ಚೆ, ವರದಿ, ಗೋಡೆ ಪತ್ರಿಕೆ ಅಥವಾ ವಸ್ತು ಪ್ರದರ್ಶನದ ಮೂಲಕ ಕಲಿಕೆಯನ್ನು ಪೂರ್ಣಗೊಳಿಸುವುದು.

ಸುರಕ್ಷತೆ

ನೀರು ಮತ್ತು ರಾತ್ರಿ ಪ್ರಯಾಣ ಶಾಲಾ ಪ್ರವಾಸಗಳ ದೊಡ್ಡ ಅಪಾಯಗಳಾಗಿವೆ. 2022ರ ಅಕ್ಟೋಬರ್‌ನಲ್ಲಿ ಕೇರಳದ ವಡಕ್ಕಂಚೇರಿ ಬಳಿ ರಾತ್ರಿ ಹೊತ್ತಿನಲ್ಲಿ ಶಾಲಾ ಪ್ರವಾಸದ ಬಸ್ಸು ಇನ್ನೊಂದು ಬಸ್ಸಿಗೆ ಡಿಕ್ಕಿ ಹೊಡೆದು ಐವರು ವಿದ್ಯಾರ್ಥಿಗಳೂ ಸೇರಿ ಒಂಬತ್ತು ಮಂದಿ ಮೃತಪಟ್ಟರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ನಿ ಕೆರೆಯಲ್ಲಿ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಅಸುನೀಗಿದರು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡಿದ್ದ ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಇಂತಹ ದುರಂತಗಳನ್ನು ತಪ್ಪಿಸಲು ಅನುಸರಿಸಬೇಕಾದ ಕ್ರಮಗಳು ಸರಳವಾಗಿವೆ: ಕತ್ತಲಾಗುವ ಮೊದಲು ಮರಳುವುದು, ಮಕ್ಕಳನ್ನು ನೀರಿಗಿಳಿಸದಿರುವುದು, ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತದಿರುವುದು, ಪ್ರತಿ ನಿಲುಗಡೆಯಲ್ಲಿ ಹಾಜರಿ ಕರೆಯುವುದು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಒಯ್ಯುವುದು ಮತ್ತು ಮಕ್ಕಳ ಕಾಯಿಲೆ, ಔಷಧಗಳ ವಿವರವನ್ನು ಬರೆದಿಟ್ಟುಕೊಳ್ಳುವುದು. ಕಾರ್ಯಕ್ರಮ ತಡವಾದಾಗ ಒಂದು ಸ್ಥಳವನ್ನು ಕೈಬಿಡುವ ಅಧಿಕಾರ ತಂಡದ ಮುಖ್ಯಸ್ಥರಿಗೆ ಇರಬೇಕು.

ವೆಚ್ಚ ಮತ್ತು ಸಮಾನ ಅವಕಾಶ

ಶುಲ್ಕ ಕಟ್ಟಲಾಗದ ಮಕ್ಕಳು ಪ್ರವಾಸದ ದಿನ ಮನೆಯಲ್ಲಿ ಉಳಿಯುವುದು ಸಾಮಾನ್ಯ ಸಮಸ್ಯೆ. ಹೆಚ್ಚಿನ ಲಾಭ ಪಡೆಯಬಹುದಾದ ಮಕ್ಕಳೇ ಹೀಗೆ ಹೊರಗುಳಿಯುತ್ತಾರೆ. ದೂರದ ಒಂದು ಪ್ರವಾಸದ ಬದಲು ಸಮೀಪದ ಹಲವು ಭೇಟಿಗಳು, ದಾನಿಗಳ ಹಾಗೂ ಹಳೆಯ ವಿದ್ಯಾರ್ಥಿಗಳ ನೆರವು ಮತ್ತು ಕಂತುಗಳಲ್ಲಿ ಹಣ ಸಂಗ್ರಹ ಇದಕ್ಕೆ ಪರಿಹಾರಗಳಾಗಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾಗಿದೆ. ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಕರ್ನಾಟಕ ದರ್ಶನ ಹಾಗೂ ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಎಂಬ ಕಾರ್ಯಕ್ರಮಗಳು ರೂಪುಗೊಂಡಿವೆ. ಅಂಗವಿಕಲ ವಿದ್ಯಾರ್ಥಿಗಳು ತಲುಪಬಹುದಾದ ಸ್ಥಳಗಳನ್ನು ಆರಿಸುವುದೂ ಸಮಾನ ಅವಕಾಶದ ಭಾಗವಾಗಿದೆ.

ಪೂರಕ ಚಟುವಟಿಕೆಗಳು

ಪ್ರವಾಸಕ್ಕೆ ಹೋಗಲಾಗದ ದಿನಗಳಲ್ಲಿ ಶಾಲೆಯ ಆವರಣದಲ್ಲೇ ಕಲಿಕೆಯನ್ನು ವಿಸ್ತರಿಸಬಹುದು. ಪ್ರತಿಭಾ ಕಾರಂಜಿ, ವಿಜ್ಞಾನ ವಸ್ತು ಪ್ರದರ್ಶನ, ಪರಿಸರ ಸಂಘ, ಆಕಾಶ ವೀಕ್ಷಣೆ, ಕುಶಲಕರ್ಮಿಗಳೊಂದಿಗೆ ಸಂವಾದ ಇವುಗಳಲ್ಲಿ ಸೇರಿವೆ. ಕರ್ನಾಟಕದಲ್ಲಿ ತಿಂಗಳ ಮೂರನೇ ಶನಿವಾರವನ್ನು ಬ್ಯಾಗ್ ರಹಿತ ದಿನವಾಗಿ ಆಚರಿಸುವ ‘ಸಂಭ್ರಮ ಶನಿವಾರ’ವೂ ಇದೇ ಬಗೆಯ ಚಟುವಟಿಕೆಗೆ ಅವಕಾಶ ನೀಡುತ್ತದೆ.